ಅವಿವೇಕಮೂರ್ತಿಯವರ ಕಂಬಸಾಲು

ನಮ್ಮೂರಿನ ಪಟ್ಟಿ ಪುರಸಭೆಯ ಕಂಪ್ಯೂಟರಿನಲ್ಲಿದೆ. ಪಟ್ಟಿ ಹೇಗಿದೆಯೋ ಊರು ಹಾಗಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ಪಟ್ಟಿ ತೆರೆದಾಗ, ಆಮೇಲೆ ಅದನ್ನು ತಿದ್ದಿ ಉಳಿಸಿದಾಗಲೆಲ್ಲ, ಮನೆಗಳು ಅದರಂತೆ ಸರಿದು ನಿಲ್ಲುತ್ತವೆ. ಮೊದಲ ಅಡ್ಡಸಾಲಿನಲ್ಲಿ ಹೆಸರಿದ್ದವರ ಮನೆ ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಕೊನೆಯ ಅಡ್ಡಸಾಲಿನವರದು ಕಸ ಸುರಿಯುವ ದಿಬ್ಬದ ಪಕ್ಕದಲ್ಲಿ. ನಡುವೆ ಹೊಸ ಹೆಸರೊಂದು ಸೇರಿದರೆ ಅದರ ಕೆಳಗಿನ ಮನೆಗಳೆಲ್ಲ ಒಂದೊಂದು ನಿವೇಶನದಷ್ಟು ಜರುಗುತ್ತವೆ. ಒಲೆಯ ಮೇಲಿನ ಹಾಲು ಕೂಡ ತುಳುಕುವುದಿಲ್ಲ. ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಹೆಂಗಸರು ಬಟ್ಟೆ ಒಣಹಾಕಿದ ಹಗ್ಗದ ಒಂದು ತುದಿ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಪಕ್ಕದ ಮನೆ ಪಕ್ಕದಲ್ಲೇ ಉಳಿದರೆ ಮತ್ತೆ ಕಟ್ಟಿಕೊಳ್ಳುತ್ತಾರೆ. ಇದರಲ್ಲಿ ವಿಶೇಷವೇನೂ ಇಲ್ಲ.

ನಾನು ಈ ಊರಿನ ನೀರುಗಂಟಿ, ಹೆಸರು ತಿಪ್ಪೇಶಿ. ಯಾವ ಬೀದಿಗೆ ಯಾವಾಗ ನೀರು ಹೋಗಬೇಕೋ ಆಗ ವಾಲ್ವ್ ತಿರುಗಿಸುವುದು ನನ್ನ ಕೆಲಸ. ಆರುನೂರ ನಲವತ್ತು ಮನೆ. ಮೇಲಿನ ಸಾಲಿನಿಂದ ಶುರುಮಾಡಿ ಕೆಳಗಿಳಿಯುವುದು ಪದ್ಧತಿ. ಪಟ್ಟಿ ಹೆಸರಿನ ಅಕಾರಾದಿಯಲ್ಲಿರುವುದರಿಂದ, ಅ ಅಕ್ಷರದವರ ತೊಟ್ಟಿ ತುಂಬಿ ಅಂಗಳಕ್ಕೆ ಹರಿಯುವ ಹೊತ್ತಿಗೆ ಹ ಅಕ್ಷರದವರ ನಲ್ಲಿ ಬರೀ ಗಾಳಿ ಉಗುಳುತ್ತಿರುತ್ತದೆ. ಊರಿನ ದೊಡ್ಡ ಮನುಷ್ಯರು ಇದನ್ನು ಬಹಳ ಹಿಂದೆಯೇ ಅರ್ಥಮಾಡಿಕೊಂಡು, ಅರ್ಜಿ ಕೊಟ್ಟು, ತಂತಮ್ಮ ಹೆಸರಿನ ಮೊದಲಿಗೆ ಒಂದು ಅ ಸೇರಿಸಿಕೊಂಡರು. ಪುರಸಭೆಯ ಅಧ್ಯಕ್ಷ ಧರ್ಮಪ್ಪನವರು ಅಧರ್ಮಪ್ಪನವರಾದರು. ಹೈಸ್ಕೂಲಿನ ಹೆಡ್‌ಮಾಸ್ಟರು ಜ್ಞಾನೇಶ್ವರಪ್ಪನವರು ಅಜ್ಞಾನೇಶ್ವರಪ್ಪನವರಾದರು. ಮಂಡಿಯ ಸತ್ಯಣ್ಣ ಅಸತ್ಯಣ್ಣ, ಡಾಕ್ಟರ್ ಸಮರ್ಥ ಡಾಕ್ಟರ್ ಅಸಮರ್ಥ. ಹೊಸ ಬೋರ್ಡು ಬರೆಸಿ, ಹೂವಿನ ಹಾರ ಹಾಕಿ ನೇತುಹಾಕಿದರು. ಯಾರಿಗೂ ನಗು ಬರಲಿಲ್ಲ. ನೀರಿನ ವಿಷಯದಲ್ಲಿ ಯಾರು ನಗುತ್ತಾರೆ?

ಉಳಿದ ನಮ್ಮಂತೆ ಹಾಲಮ್ಮನೂ ಹೆಸರು ಬದಲಿಸಲಿಲ್ಲ. ಅವಳು ಹೊಲಿಗೆಯವಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮನೆಯಲ್ಲಿ ಅವಳು, ಹೊಲಿಗೆ ಮಿಷನ್ನು, ಅತ್ತೆ ಬಸಲಿಂಗವ್ವ. ದಿಬ್ಬದ ಕಡೆಯಿಂದ ಒಂಬತ್ತನೆಯ ಮನೆ. ಅತ್ತೆ ಸೊಸೆ ಬೆಳಗಾದರೆ ಸಾಕು, ಸಾರಿಗೆ ಹುಳಿ ಹೆಚ್ಚಾಯಿತೆಂದೋ ಕತ್ತರಿ ಎಲ್ಲಿಟ್ಟೆಯೆಂದೋ ಜಗಳ ಶುರುಮಾಡುತ್ತಿದ್ದರು. ನಾನು ಆ ಬೀದಿಯ ವಾಲ್ವ್ ತಿರುಗಿಸಲು ಹೋದಾಗ ಜಗಳದ ಸದ್ದು ಕೇಳಿಸದಿದ್ದರೆ ಒಳಗೆ ಇಣುಕಿ ಇಬ್ಬರೂ ಹುಷಾರಾಗಿದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ಹೆಸರಿಗೊಂದು ಅ ಸೇರಿಸಿಕೋ ಎಂದು ನಾನೇ ಒಮ್ಮೆ ಹೇಳಿದ್ದುಂಟು. "ಅಹಾಲಮ್ಮ ಅಂತ ಕರೀತಾರಾ ನನ್ನ? ಬೇಡಣ್ಣ, ಎರಡು ಕೊಡ ಕಮ್ಮಿ ಬಂದ್ರೂ ಪರವಾಗಿಲ್ಲ," ಎಂದಿದ್ದಳು.

ಪಟ್ಟಿಯನ್ನು ಇಪ್ಪತ್ತು ವರ್ಷ ನೋಡಿಕೊಂಡವರು ಗುಮಾಸ್ತ ಮರುಳಸಿದ್ದಯ್ಯ. ಒಂದು ಮನೆಗೆ ಒಂದು ಅಡ್ಡಸಾಲು. ಅದರಲ್ಲಿ ಹೆಸರು, ಕಸುಬು, ಮನೆ, ಆಶ್ರಿತರು ಎಂದು ಮೇಲಿಂದ ಕೆಳಕ್ಕಿಳಿಯುವ ನಾಲ್ಕು ಕಂಬಸಾಲು. ಆಶ್ರಿತರು ಎಂದರೆ ಮನೆಯಲ್ಲಿರುವ ವಯಸ್ಸಾದವರು, ಹಸುಗೂಸುಗಳು. ಯಾರೂ ಇಲ್ಲದಿದ್ದರೆ ಆ ಚೌಕದಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದರು. ಇವೆಲ್ಲಕ್ಕೂ ಮೊದಲು ಕ್ರಮಸಂಖ್ಯೆಯ ಇನ್ನೊಂದು ಕಂಬಸಾಲನ್ನು ಇಟ್ಟಿದ್ದರು. ಪಟ್ಟಿ ಜೋಡಿಸುವ ದಿನ ಮರುಳಸಿದ್ದಯ್ಯ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು, ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಯವರೆಗೂ ಇಡೀ ಪಟ್ಟಿಯನ್ನು ಬಳಿದು ಹಿಡಿದು, ಎರಡೆರಡು ಸಲ ನೋಡಿ ಗುಂಡಿ ಒತ್ತುತ್ತಿದ್ದರು. "ಅಡ್ಡಸಾಲು ಅಂದ್ರೆ ಒಂದು ಸಂಸಾರ ಕಣಯ್ಯ. ಎತ್ತೋದಾದ್ರೆ ಪೂರ್ತಿ ಎತ್ಬೇಕು," ಎಂದು ಹೇಳುತ್ತಿದ್ದರು. ಅವರು ನಿವೃತ್ತರಾಗಿ ಮಗಳ ಊರಿಗೆ ಹೊರಟುಹೋದ ಮೇಲೆ ಬಂದವರೇ ಮುಖ್ಯಾಧಿಕಾರಿ ವಿವೇಕಮೂರ್ತಿ.

ವಿವೇಕಮೂರ್ತಿಯವರು ಬಂದ ವಾರದಲ್ಲೇ ಎರಡು ಕೆಲಸ ಮಾಡಿದರು. ಮನೆ ದಿಬ್ಬದ ಕಡೆ ಬಿದ್ದದ್ದು ನೋಡಿ ಹೆಸರನ್ನು ಅವಿವೇಕಮೂರ್ತಿ ಎಂದು ಬದಲಿಸಿಕೊಂಡು ಟ್ಯಾಂಕಿನ ಕಡೆಗೆ ಬಂದರು. ಕ್ರಮಸಂಖ್ಯೆಯ ಕಂಬಸಾಲನ್ನು, ಹೆಸರಿರುವಾಗ ನಂಬರು ಯಾಕೆಂದು, ಅಳಿಸಿಹಾಕಿದರು. ಮೂರನೆಯದಾಗಿ ಪಟ್ಟಿ ಜೋಡಿಸಲು ಹೋಗಿ ಎಡವಿದರು. ಜೋಡಿಸುವ ಪೆಟ್ಟಿಗೆಯಲ್ಲಿ ‘ಮೇಲಿನಿಂದ ಕೆಳಕ್ಕೆ’ ಎನ್ನುವುದರ ಬದಲು ‘ಎಡದಿಂದ ಬಲಕ್ಕೆ’ ಎನ್ನುವುದನ್ನು ಒತ್ತಿದರು. ಮನೆಗಳು ಒಂದಿಂಚೂ ಕದಲಲಿಲ್ಲ. ಕಂಬಸಾಲುಗಳೇ ತಮ್ಮ ತಲೆಬರಹದ ಅಕಾರಾದಿಗೆ ತಕ್ಕಂತೆ ಜಾಗ ಬದಲಿಸಿದವು: ಆಶ್ರಿತರು ಮೊದಲು, ಆಮೇಲೆ ಕಸುಬು, ಆಮೇಲೆ ಮನೆ, ಎಲ್ಲಕ್ಕೂ ಕೊನೆಗೆ ಹೆಸರು.

ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಅವರವರ ವಸ್ತು, ಅವರವರ ಜನ ಅವರವರ ಹತ್ತಿರವೇ ಇತ್ತು. ಬಾಗಿಲಿನ ಬೋರ್ಡುಗಳಲ್ಲಿ ಮಾತ್ರ ಬರಹದ ಕ್ರಮ ಬದಲಾಗಿತ್ತು. ಹಾಲಮ್ಮನ ಬಾಗಿಲಲ್ಲಿ ‘ಬಸಲಿಂಗವ್ವ, ಹೊಲಿಗೆ, ಹೆಂಚಿನ ಮನೆ, ಹಾಲಮ್ಮ’ ಎಂದಿತ್ತು. ಬಸಲಿಂಗವ್ವ ಆ ಬೋರ್ಡಿನ ಕೆಳಗೆ ಮೂರು ಗಂಟೆ ಕಾಲು ಚಾಚಿ ಕೂತಿದ್ದಳಂತೆ. ಆದರೆ ಟ್ಯಾಂಕಿನ ಬೀದಿಯಲ್ಲಿ ಹಾಹಾಕಾರವೆದ್ದಿತು. ಅಧರ್ಮಪ್ಪನವರ ಬಾಗಿಲಲ್ಲಿ, ಹಿಂದಿನ ಕೋಣೆಯಲ್ಲಿ ಮಲಗಿದ್ದ ಅವರ ಚಿಕ್ಕಮ್ಮ ಚೆನ್ನಾಜಮ್ಮನ ಹೆಸರು ಮೊದಲು ಬಂದು, ಅಧ್ಯಕ್ಷರ ಹೆಸರು ಬೋರ್ಡಿನ ಅಂಚಿನಲ್ಲಿ ಮುದುಡಿಕೊಂಡಿತ್ತು. "ನನ್ನ ಹೆಸ್ರು ಕೊನೇಗಾ? ಈ ಊರಲ್ಲಿ ಮಾನ ಮರ್ಯಾದೆ ಅನ್ನೋದು ಉಳಿದಿದ್ಯಾ?" ಎಂದು ಅವರು ಬೀದಿಯಲ್ಲೇ ಕೂಗಾಡಿದರು. ಒಂದು ಗಂಟೆಯೊಳಗೆ ತುರ್ತು ಸಭೆ, ಎರಡು ಗಂಟೆಯೊಳಗೆ ಖಂಡನಾ ನಿರ್ಣಯ. ಸಂಜೆಯೊಳಗೆ ಕಂಬಸಾಲುಗಳು ಮೊದಲಿನಂತಾದವು. ಮುಖ್ಯಾಧಿಕಾರಿಗಳನ್ನು ಮೂರು ದಿನದ ತರಬೇತಿಗೆ ಕಳಿಸಿದರು.

ತರಬೇತಿಯಿಂದ ಅವರು ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡೇ ಬಂದರು. ಅದನ್ನು ಮೇಜಿನ ಹಿಂದೆ ಗೋಡೆಗೆ ಹೊಡೆಯಲು ಮೊಳೆ ಸಿಗದಿದ್ದಾಗ ನನ್ನ ಚೀಲದಿಂದಲೇ ಒಂದು ಮೊಳೆ ಕೊಟ್ಟೆ. ಮಾರನೆಯ ದಿನ ಮೇಲಿನ ಕಚೇರಿಯಿಂದ ಪತ್ರ ಬಂತು: ನಿಮ್ಮ ಊರಿನ ಆಶ್ರಿತರ ಹೆಸರುಗಳನ್ನು ಅಕಾರಾದಿಯಲ್ಲಿ ಕಳಿಸಿಕೊಡಿ. ನಾನು ಆಗ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋಗಿದ್ದೆ. ಸಾಹೇಬರು ನನ್ನನ್ನು ಹತ್ತಿರ ಕರೆದರು.

"ಬಾ ತಿಪ್ಪೇಶಿ, ನೋಡು. ನಿಮ್ಮ ಹಳೇ ಗುಮಾಸ್ತ ಇದಕ್ಕೆ ಅರ್ಧ ದಿನ ಮಾಡ್ತಿದ್ದ. ನಾನು ಅರ್ಧ ನಿಮಿಷದಲ್ಲಿ ಮಾಡ್ತೀನಿ," ಎಂದವರೇ ಆಶ್ರಿತರು ಎಂಬ ಕಂಬಸಾಲಿನ ತಲೆಯ ಮೇಲೆ ಬೆರಳೊತ್ತಿದರು. ಅದೊಂದೇ ಕಂಬಸಾಲು ನೀಲಿಯಾಯಿತು. ಜೋಡಿಸು ಎಂದು ಒತ್ತಿದರು. ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ಪಕ್ಕದ ಕಂಬಸಾಲುಗಳಲ್ಲೂ ಮಾಹಿತಿ ಇದೆ, ಅವನ್ನೂ ಸೇರಿಸಿಕೊಳ್ಳಲೇ, ಅಥವಾ ಆಯ್ದದ್ದನ್ನು ಮಾತ್ರ ಜೋಡಿಸಲೇ?

"ಸಾರ್, ಏನೋ ಕೇಳ್ತಾ ಇದೆ," ಎಂದೆ.

"ಕೇಳುತ್ತೆ. ಕೇಳೋದು ಅದರ ಅಭ್ಯಾಸ. ಹೇಳಿದಷ್ಟು ಮಾಡು ಅನ್ಬೇಕು ಇದಕ್ಕೆ."

ನನಗೆ ಮರುಳಸಿದ್ದಯ್ಯನವರ ಮಾತು ನೆನಪಿತ್ತು. ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಸರ್ಟಿಫಿಕೇಟು ಇರುವವರ ಮುಂದೆ ನೀರು ಬಿಡುವವನು ಏನು ಹೇಳುವುದು ಎನ್ನಿಸಿತು. ಸಾಹೇಬರು ‘ಆಯ್ದದ್ದು ಮಾತ್ರ’ ಎಂದು ಒತ್ತಿದರು. ಉಳಿಸಿದರು. ಮುಚ್ಚಿದರು. ಟೀ ಕುಡಿಯಲು ಹೋದರು.

ಮನೆಗಳು ಕದಲಲಿಲ್ಲ. ಯಜಮಾನರು ಕದಲಲಿಲ್ಲ. ಕಸುಬು ಕದಲಲಿಲ್ಲ. ಊರಿನ ಅಜ್ಜ ಅಜ್ಜಿಯರು, ಕೂಸುಗಳು ಮಾತ್ರ ತಮ್ಮ ತಮ್ಮ ಹೆಸರಿನ ಅಕ್ಷರ ಹಿಡಿದು ಬೇರೆ ಬೇರೆ ಮನೆಗಳಿಗೆ ಹೋಗಿ ಕೂತರು. ಸ್ನಾನ ಮಾಡುತ್ತಿದ್ದವರು ಬೇರೆಯವರ ಬಚ್ಚಲಿನಲ್ಲಿ, ತಟ್ಟೆಯ ಮುಂದೆ ಕೂತಿದ್ದವರು ಬೇರೆಯವರ ತಟ್ಟೆಯ ಮುಂದೆ. ಮನೆಯಲ್ಲಿ ಯಾರೂ ಇಲ್ಲದ ನನಗೆ ಗುರುಸಿದ್ದಪ್ಪನೆಂಬ ಕಿವುಡ ಅಜ್ಜ ಬಂದಿದ್ದ. ನಾನು ಮನೆಗೆ ಹೋದಾಗ ಅವನು ನನ್ನ ಮಂಚದ ಮೇಲೆ ಕೂತು, "ಯಾರಪ್ಪಾ ನೀನು, ಬಾಗಿಲು ತಟ್ಟಿ ಒಳಗೆ ಬರ್ಬಾರ್ದಾ?" ಎಂದು ನನ್ನನ್ನೇ ಗದರಿಸಿದ.

ಹಾಲಮ್ಮ ಆ ಹೊತ್ತಿನಲ್ಲಿ ಅತ್ತೆಯೊಂದಿಗೆ ಜಗಳದ ನಡುವಿನಲ್ಲಿದ್ದಳು. "ನಾನು ಸತ್ರೆ ನಿಂಗೆ ಗೊತ್ತಾಗುತ್ತೆ," ಎಂದು ಬಸಲಿಂಗವ್ವ ಹೇಳುತ್ತಿದ್ದವಳು ಮಾತು ಮುಗಿಸುವ ಮೊದಲೇ ಇಲ್ಲವಾದಳು. ಅದೇ ಚಾಪೆಯ ಮೇಲೆ, ಬಿಳಿ ಸೀರೆಯ, ತೆಳ್ಳಗಿನ ಇನ್ನೊಬ್ಬ ಮುದುಕಿ ಕೂತಿದ್ದಳು. ಹಾಲಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಯಾರಮ್ಮ ನೀವು?" ಎಂದು ಕೇಳಿದಳು. ಆಕೆ, "ಸುಲೋಚನಮ್ಮ ಅಂತ. ಮುಖ್ಯಾಧಿಕಾರಿಗಳ ತಾಯಿ," ಎಂದು ಹೇಳಿ, ಸ್ವಲ್ಪ ಹೊತ್ತು ಸುತ್ತ ನೋಡಿ, "ನೀವು ಈಗ ಜಗಳ ಆಡ್ತಿದ್ರಾ? ನಿಲ್ಲಿಸ್ಬಿಟ್ರಲ್ಲ," ಎಂದಳಂತೆ.

ಅಂದು ಸಂಜೆ ಊರೆಲ್ಲ ಓಡಾಡಿ ಹುಡುಕಿ, ಕೈ ಹಿಡಿದು, ಎತ್ತಿಕೊಂಡು, ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಮ್ಮ ತಮ್ಮವರನ್ನು ಮನೆಗೆ ತಂದರು. ಬಸಲಿಂಗವ್ವ ಬೇಕರಿ ಲಕ್ಕಣ್ಣನ ಮನೆಯಲ್ಲಿ ಸಿಕ್ಕಳು. ಮಾರನೆಯ ದಿನ ಹತ್ತಕ್ಕೆ ಕಚೇರಿಯಲ್ಲಿ ಪಟ್ಟಿ ತೆರೆದರು. ಆಶ್ರಿತರೆಲ್ಲ ಮತ್ತೆ ಹೋಗಿ ಅಲ್ಲಲ್ಲೇ ಕೂತರು. ಮೂರು ದಿನ ಹೀಗೆ ನಡೆದ ಮೇಲೆ ಜನರ ಸೊಂಟ ಸೋತು, ತರುವುದನ್ನು ಬಿಟ್ಟರು.

ಕೂಸುಗಳದೇ ಕಷ್ಟ. ಹೆಸರಿಡದ ಒಂಬತ್ತು ಕೂಸುಗಳಿಗೆ ಪಟ್ಟಿಯಲ್ಲಿ ‘ಮಗು’ ಎಂದಷ್ಟೇ ಇತ್ತು. ಒಂಬತ್ತೂ ಒಂದೇ ಬೀದಿಯಲ್ಲಿ ಸಾಲಾಗಿ ಒಂಬತ್ತು ಮನೆಗಳಿಗೆ ಹೋಗಿ ಬಿದ್ದವು. ಮೀನಿನ ಅಂಗಡಿಯ ಶಾಹೀನಳ ನಾಲ್ಕು ತಿಂಗಳ ಕೂಸು ಲೇತ್ ಕಾರ್ಖಾನೆಯ ವೀರಭದ್ರನ ಪಾಲಿಗೆ ಬಂತು. ಅವನು ಒಳ್ಳೆಯವನೇ, ಆದರೆ ಅವಿವಾಹಿತ. ಕೂಸು ಅತ್ತರೆ ತಾನೂ ಅಳುತ್ತಿದ್ದ. ರಾತ್ರಿ ಕೂಸನ್ನು ಮನೆಗೊಯ್ಯುತ್ತಿದ್ದ ಶಾಹೀನ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅವನ ಜಗುಲಿಯಲ್ಲಿ ಹೋಗಿ ಕೂರುತ್ತಿದ್ದಳು. ಉಳಿದ ಎಂಟು ತಾಯಂದಿರೂ ಹಾಗೆಯೇ. ಒಂದು ಮನೆಯಲ್ಲಂತೂ, ಹಾಲೂಡಿಸಲು ಬರುವವಳು ಹಿತ್ತಿಲ ಬಾಗಿಲಿಂದ ಬರಬೇಕೆಂದು ಹೇಳಿದರಂತೆ.

ನಾನು ಕಾಯುತ್ತಿದ್ದೆ, ಟ್ಯಾಂಕಿನ ಬೀದಿಯವರು ಈಗ ಎದ್ದಾರು ಎಂದು. ಹೆಸರು ಕೊನೆಗೆ ಬಂದದ್ದಕ್ಕೇ ಅಷ್ಟು ಕೂಗಿದವರು, ಹೆತ್ತವರು ಹೋದರೆ ಊರನ್ನೇ ಹೊತ್ತಿಸುತ್ತಾರೆ ಎಂದುಕೊಂಡಿದ್ದೆ. ಒಂದು ವಾರವಾದರೂ ಆ ಬೀದಿಯಲ್ಲಿ ಸದ್ದಿಲ್ಲ. ಆಮೇಲೆ ಪಟ್ಟಿ ನೋಡಿದಾಗ ನನಗೆ ಅರ್ಥವಾಯಿತು. ಅಕಾರಾದಿಯಲ್ಲಿ ಅ, ಆ ಎಂದು ಶುರುವಾಗುವ ಆಶ್ರಿತರು ಹನ್ನೊಂದೇ ಜನ. ಅವರಾದ ಮೇಲೆ ಬರುವುದು ‘ಇಲ್ಲ’. ಅಂಥ ‘ಇಲ್ಲ’ಗಳು ಇನ್ನೂರಕ್ಕೂ ಹೆಚ್ಚು. ಅವೆಲ್ಲ ಸಾಲಾಗಿ ಹೋಗಿ ಅಧರ್ಮಪ್ಪ, ಅವಿವೇಕಮೂರ್ತಿ, ಅಸತ್ಯಣ್ಣ, ಅಸಮರ್ಥ ಇವರ ಮುಂದೆ ಕೂತಿದ್ದವು. ದೊಡ್ಡವರ ಮನೆಗಳ ಹಿಂದಿನ ಕೋಣೆಗಳು ಖಾಲಿಯಾಗಿದ್ದವು. ಕೆಲವರು ಆಗಲೇ ಸುಣ್ಣ ಹೊಡೆಸಿ ಸೋಫಾ ಹಾಕಿದ್ದರು. ಅವರ ಹೆತ್ತವರೆಲ್ಲ ಊರಿನ ಕೆಳಗಿನ ಅರ್ಧದಲ್ಲಿ, ಗಾಳಿ ಉಗುಳುವ ನಲ್ಲಿಗಳ ಮನೆಗಳಲ್ಲಿ ಹಂಚಿಹೋಗಿದ್ದರು.

ಹಾಲಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ಎಂಟನೆಯ ದಿನ ಶಾಹೀನಳನ್ನೂ ಇನ್ನೂ ಹತ್ತಾರು ಹೆಂಗಸರನ್ನೂ ಕರೆದುಕೊಂಡು ಪುರಸಭೆಗೆ ಬಂದಳು. ಅಧ್ಯಕ್ಷರೂ ಮುಖ್ಯಾಧಿಕಾರಿಗಳೂ ಒಟ್ಟಿಗೇ ಇದ್ದರು.

"ನಮ್ಮ ಜನಾನ ನಮಗೆ ವಾಪಸ್ ಕೊಡಿ," ಎಂದಳು ಹಾಲಮ್ಮ.

ಅವಿವೇಕಮೂರ್ತಿಯವರು, "ಪಟ್ಟಿ ಸರಿಯಾಗೇ ಇದೆಯಮ್ಮ. ಒಂದು ಹೆಸರೂ ಕಳೆದಿಲ್ಲ. ಎಣಿಸಿ ಬೇಕಾದ್ರೆ," ಎಂದರು.

"ಹೆಸರು ಕಳೆದಿಲ್ಲ ಸಾರ್, ಮನೆ ಕಳೆದಿದೆ."

"ಹಿಂದಕ್ಕೆ ಹೋಗೋಕೆ ಆಗಲ್ಲ. ಉಳಿಸಿ ಮುಚ್ಚಿದ ಮೇಲೆ ಅದಕ್ಕೆ ಹಳೇದು ನೆನಪಿರಲ್ಲ. ಆರುನೂರ ನಲವತ್ತು ಚೌಕ ಕೈಯಲ್ಲಿ ತುಂಬ್ಬೇಕಾದ್ರೆ ನನ್ನ ಹತ್ರ ಸಿಬ್ಬಂದಿ ಎಲ್ಲಿದೆ?"

ಅಧರ್ಮಪ್ಪನವರು ನಡುವೆ ಬಾಯಿ ಹಾಕಿದರು: "ನೋಡಮ್ಮ, ಊರು ಚೆನ್ನಾಗೇ ನಡೀತಿದೆ. ಸಣ್ಣಪುಟ್ಟ ಹೊಂದಾಣಿಕೆ ಮಾಡ್ಕೋಬೇಕು."

"ನಿಮ್ಮ ಚಿಕ್ಕಮ್ಮ ಎಲ್ಲಿದಾರೆ, ಅಧ್ಯಕ್ಷರೆ?"

"ಎಲ್ಲೋ ಚೆನ್ನಾಗಿರ್ತಾರೆ. ಪಟ್ಟೀಲಿ ಇದಾರಲ್ಲ."

"ಗೋಣಿಚೀಲದ ಅಂಗಡಿ ನಾಗೇಂದ್ರನ ಮನೇಲಿದಾರೆ. ಮೊದಲ ದಿನವೆಲ್ಲ ನಿಮ್ಮ ಹೆಸರನ್ನೇ ಕೂಗಿದ್ರಂತೆ. ಈಗ ಕೂಗಲ್ವಂತೆ." ಹಾಲಮ್ಮ ಮುಖ್ಯಾಧಿಕಾರಿಗಳ ಕಡೆ ತಿರುಗಿದಳು. "ನಿಮ್ಮ ತಾಯಿ ನಮ್ಮನೇಲಿದಾರೆ ಸಾರ್. ಗೊತ್ತಲ್ವಾ?"

"ಗೊತ್ತು. ಕೆಲಸದ ಒತ್ತಡ," ಎಂದು ಅವರು ಕಡತದ ಪುಟ ತಿರುವಿದರು.

ಹೊರಗೆ ಬಂದ ಹಾಲಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಪಕ್ಕ ಬಂದು ಕೂತಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ಹಾಲಮ್ಮ, ಅವತ್ತು ಸಾಹೇಬ್ರು ಗುಂಡಿ ಒತ್ತುವಾಗ ನಾನು ಅಲ್ಲೇ ಇದ್ದೆ," ಎಂದು ಹೇಳಿಬಿಟ್ಟೆ. "ತಪ್ಪಾಗ್ತಿದೆ ಅಂತ ಗೊತ್ತಿತ್ತು. ಹೇಳ್ಲಿಲ್ಲ."

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ನನ್ನ ಹೆಗಲ ಮೇಲಿದ್ದ ವಾಲ್ವಿನ ಕಬ್ಬಿಣದ ಕೀಲಿಯನ್ನೇ ನೋಡಿ, "ತಿಪ್ಪೇಶಣ್ಣ, ನೀರು ಮೇಲಿಂದಾನೇ ಬಿಡ್ಬೇಕು ಅಂತ ಎಲ್ಲಾದ್ರೂ ಬರೆದಿದ್ಯಾ?" ಎಂದು ಕೇಳಿದಳು.

ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದೇನೆ. ಬರೆದಿದ್ದನ್ನು ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದಿಬ್ಬದ ಕಡೆಯ ವಾಲ್ವನ್ನು ಮೊದಲು ತಿರುಗಿಸಿದೆ. ಅದು ತುಕ್ಕು ಹಿಡಿದು ಕಿರ್ರೆಂದಿತು. ಹ ಅಕ್ಷರದವರ ನಲ್ಲಿಗಳಲ್ಲಿ ನೀರು ಎಷ್ಟು ರಭಸದಿಂದ ಬಂತೆಂದರೆ, ಹೊನ್ನಪ್ಪನೆಂಬವನು ಕೊಳಾಯಿ ಒಡೆಯಿತೆಂದು ಹೆದರಿ ನನ್ನನ್ನು ಕರೆಯಲು ಓಡಿಬಂದ. ಟ್ಯಾಂಕಿನ ಬೀದಿಗೆ ಸರದಿ ಬರುವಷ್ಟರಲ್ಲಿ ಟ್ಯಾಂಕು ತಳ ಕಂಡಿತ್ತು. ಡಾಕ್ಟರ್ ಅಸಮರ್ಥರು ಮುಖಕ್ಕೆ ಸೋಪು ಹಚ್ಚಿಕೊಂಡೇ ಬೀದಿಗೆ ಬಂದರು. ಮುಖ್ಯಾಧಿಕಾರಿಗಳು ನನ್ನನ್ನು ಕರೆಸಿ ಸಸ್ಪೆಂಡ್ ಮಾಡುತ್ತೇನೆ ಎಂದರು. "ಮಾಡಿ ಸಾರ್. ಇಪ್ಪತ್ತೇಳು ವಾಲ್ವ್ ಇದಾವೆ. ಯಾವುದು ಎಲ್ಲಿದೆ ಅಂತ ಯಾರಿಗೆ ತೋರಿಸಿ ಹೋಗ್ಲಿ?" ಎಂದೆ. ಅವರು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದರು.

ಎರಡನೆಯ ದಿನವೂ ದಿಬ್ಬದಿಂದಲೇ ಬಿಟ್ಟೆ. ದೊಡ್ಡವರು ದೊಡ್ಡವರೇ, ಮಧ್ಯಾಹ್ನದೊಳಗೆ ಕಚೇರಿಗೆ ಐವತ್ತು ಅರ್ಜಿ ಬಂದವು, ತಮ್ಮ ಹೆಸರಿನ ಮೊದಲಿಗೆ ಒಂದು ಹ ಸೇರಿಸಿಕೊಡಬೇಕೆಂದು. ಹಅಧರ್ಮಪ್ಪ, ಹಅಸತ್ಯಣ್ಣ. ಬೋರ್ಡು ಬರೆಯುವವನ ಹತ್ತಿರ ಬಣ್ಣ ಮುಗಿಯಿತು. ಹೆತ್ತವರನ್ನು ವಾಪಸು ಕರೆದುಕೊಳ್ಳುವುದಕ್ಕಿಂತ ಹೆಸರಿಗೆ ಎರಡನೆಯ ಕೋಡು ಕಟ್ಟಿಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಹಾಲಮ್ಮನಿಗೆ ಈ ಸುದ್ದಿ ಹೇಳಿದಾಗ ಅವಳು ಹೊಲಿಯುವುದನ್ನು ನಿಲ್ಲಿಸದೆ, "ನಾಳೆ ನಡುವಿನಿಂದ ಬಿಡು," ಎಂದಳು. ಮೂರನೆಯ ದಿನ ಪ ಅಕ್ಷರದಿಂದ ಶುರುಮಾಡಿದೆ. ನಾಲ್ಕನೆಯ ದಿನ ಗ. ಯಾವ ಅಕ್ಷರ ಹಿಡಿಯಬೇಕೆಂದೇ ತಿಳಿಯದೆ ಟ್ಯಾಂಕಿನ ಬೀದಿಯವರು ಅರ್ಜಿಗಳನ್ನು ವಾಪಸು ತೆಗೆದುಕೊಂಡು ಕಂಗಾಲಾದರು. ಐದನೆಯ ದಿನ ಅಧರ್ಮಪ್ಪನವರು ಕೈಯಲ್ಲಿ ಖಾಲಿ ಬಿಂದಿಗೆ ಹಿಡಿದು ಹಾಲಮ್ಮನ ಮನೆಗೇ ಬಂದರು. "ಆಗ್ಲಿ ತಾಯಿ, ಪಟ್ಟಿ ಸರಿಮಾಡ್ಸೋಣ," ಎಂದರು.

ಆದರೆ ಹಳೆಯ ಪಟ್ಟಿ ಎಲ್ಲೂ ಇರಲಿಲ್ಲ. ಆಗ ಶಾಹೀನ, "ಅವರನ್ನೇ ಕೇಳ್ಬೋದಲ್ಲ? ಮಾತಾಡೋಕೆ ಬರೋರೆಲ್ಲ ತಮ್ಮ ಮನೆ ಯಾವುದು ಅಂತ ಹೇಳ್ತಾರೆ. ಮಾತು ಬರದೋರನ್ನ ನಾವು ತಾಯಂದಿರು ಗುರುತು ಹಿಡೀತೀವಿ," ಎಂದಳು. ಇಷ್ಟು ಸರಳವಾದದ್ದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಮುಖ್ಯಾಧಿಕಾರಿಗಳು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಒಂದು ಸೋಮವಾರ ಪುರಸಭೆಯ ವರಾಂಡದಲ್ಲಿ ಆಶ್ರಿತರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದರು. ಮೊದಲು ಕೂಸುಗಳದಾಯಿತು. ಒಂಬತ್ತು ತಾಯಂದಿರು ಒಂಬತ್ತು ಕೂಸುಗಳನ್ನು ಒಂದೇ ಉಸಿರಿನಲ್ಲಿ ಎತ್ತಿಕೊಂಡರು. ಅಲ್ಲೇ ನಿಂತು ಒಂಬತ್ತಕ್ಕೂ ಹೆಸರು ಹೇಳಿ ಬರೆಸಿದರು. ಇನ್ನು ಮುಂದೆ ‘ಮಗು’ ಎನ್ನಕೂಡದು ಎಂದರು. ವೀರಭದ್ರ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ನಿಂತಿದ್ದ. ಆಮೇಲೆ ಒಬ್ಬೊಬ್ಬರನ್ನೇ ಕರೆದು, "ನಿಮ್ಮ ಮನೆ ಯಾವುದು?" ಎಂದು ಕೇಳುವುದು, ಅವರು ಹೇಳುವುದು, ಅವಿವೇಕಮೂರ್ತಿಯವರು ಆ ಸಾಲು ಹುಡುಕಿ ಹೆಸರನ್ನು ಕೀಲಿಮಣೆಯಲ್ಲಿ ಬಡಿಯುವುದು. ಗುರುಸಿದ್ದಪ್ಪ ಅಜ್ಜ ತನ್ನ ಮಗನ ಮನೆ ಹೇಳಿದ. ಹೋಗುವಾಗ ನನ್ನ ಭುಜ ತಟ್ಟಿ, ಉಪ್ಪು ಕಮ್ಮಿ ಹಾಕು ಎಂದ.

ಚೆನ್ನಾಜಮ್ಮನನ್ನು ಕರೆದಾಗ ಅಧರ್ಮಪ್ಪನವರು ಮುಂದೆ ಬಂದು, "ಚಿಕ್ಕಮ್ಮ, ನಮ್ಮನೆ ಅಂತ ಹೇಳು," ಎಂದರು. ಆಕೆ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಇವರು ಯಾರೋ ದೊಡ್ಡವರು. ನಂಗೆ ಪರಿಚಯ ಇಲ್ಲ," ಎಂದಳು. ಮರೆವಿನ ಮಾತೋ ಬೇಕೆಂದೇ ಆಡಿದ್ದೋ ಯಾರಿಗೂ ತಿಳಿಯಲಿಲ್ಲ. ಗೋಣಿಚೀಲದ ನಾಗೇಂದ್ರ ಆಕೆಯ ಚಪ್ಪಲಿ ಸರಿಯಾಗಿ ಜೋಡಿಸಿಟ್ಟು ನಿಂತಿದ್ದ. ಆಕೆ ಅವನತ್ತ ಕೈ ತೋರಿಸಿದಳು. ಹೀಗೆ ಬೇರೆ ಮನೆ ಹೇಳಿದವರು ಒಟ್ಟು ಮೂವತ್ತೇಳು ಜನ. ಆ ಮೂವತ್ತೇಳರಲ್ಲಿ ಮೂವತ್ನಾಲ್ಕು ಜನ ಟ್ಯಾಂಕಿನ ಬೀದಿಯವರು.

ಆಮೇಲೆ ಬಸಲಿಂಗವ್ವನ ಸರದಿ ಬಂತು. ಲಕ್ಕಣ್ಣನ ಮನೆಯಲ್ಲಿ ಅವಳಿಗೆ ದಿನವೂ ಬೆಣ್ಣೆ ಬನ್ನು, ಹಲ್ಲಿಲ್ಲದ ಬಾಯಿಗೆ ಮೆತ್ತಗಿನ ಕೇಕು. ಕೆನ್ನೆ ತುಂಬಿಕೊಂಡಿತ್ತು. ಲಕ್ಕಣ್ಣ ಒಂದು ಮೂಲೆಯಲ್ಲಿ, ಹಾಲಮ್ಮ ಇನ್ನೊಂದು ಮೂಲೆಯಲ್ಲಿ. ಹಾಲಮ್ಮ ಬೇರೆ ಕಡೆ ನೋಡುತ್ತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

"ನಿಮ್ಮ ಮನೆ ಯಾವುದಜ್ಜಿ?"

"ಹಾಲಮ್ಮಂದು. ಇನ್ಯಾವುದು?" ಎಂದಳು ಬಸಲಿಂಗವ್ವ. "ಲಕ್ಕಣ್ಣ ದೇವರಂಥೋನು. ನಾನು ಏನಂದ್ರೂ ಹೂಂ ಅಂತಾನೆ. ದಿನವೆಲ್ಲ ಹೂಂ ಅನ್ನೋನ ಜೊತೆ ಬದುಕೋದು ಹೆಂಗೆ? ಬಾಯಿ ತುಕ್ಕು ಹಿಡೀತು ನಂಗೆ." ಹಾಲಮ್ಮನ ಕಡೆ ತಿರುಗಿ, "ಕತ್ತರಿ ಸಿಕ್ತಾ?" ಎಂದಳು. "ನೀನೇ ಎಲ್ಲೋ ಬಚ್ಚಿಟ್ಟಿರ್ತೀಯ," ಎಂದಳು ಹಾಲಮ್ಮ.

ಸುಲೋಚನಮ್ಮ ಎದ್ದು ನಿಂತಾಗ ಮಧ್ಯಾಹ್ನ ಎರಡಾಗಿತ್ತು. ಮುಖ್ಯಾಧಿಕಾರಿಗಳು ಬೆಳಗಿನಿಂದ ಬಡಿದು ದಣಿದಿದ್ದರು. ತಲೆ ಎತ್ತದೆ, "ನಿಮ್ಮ ಮನೆ ಯಾವುದು?" ಎಂದರು.

"ಹಾಲಮ್ಮನ ಮನೆ."

ಬೆರಳು ನಿಂತಿತು. ಅವರು ತಲೆ ಎತ್ತಿದರು. "ಅಮ್ಮಾ, ಸರಿಯಾಗಿ ಹೇಳು."

"ಸರಿಯಾಗೇ ಹೇಳ್ತಿದೀನಿ. ಬರ್ಕೋ."

"ಎಲ್ಲರೂ ನೋಡ್ತಿದಾರಮ್ಮ. ಮನೇಲಿ ನಿನಗೆ ಏನು ಕಮ್ಮಿಯಾಗಿತ್ತು? ಊಟ, ಮಾತ್ರೆ, ಟಿವಿ—"

"ಏನೂ ಕಮ್ಮಿ ಇರ್ಲಿಲ್ಲಪ್ಪ," ಎಂದಳು ಸುಲೋಚನಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹತ್ತೊಂಬತ್ತು ದಿನ ಆಯ್ತು. ನಾನು ಎಲ್ಲಿದೀನಿ ಅಂತ ನಿಂಗೆ ಮೊದಲ ದಿನಾನೇ ಗೊತ್ತಿತ್ತು. ಹಾಲಮ್ಮನ ಮನೆಗೆ ಇಲ್ಲಿಂದ ಹತ್ತು ನಿಮಿಷದ ದಾರಿ."

ಅವಿವೇಕಮೂರ್ತಿಯವರು ಕೊನೆಯ ಆಸೆಯಿಂದ ಹಾಲಮ್ಮನನ್ನು ನೋಡಿ, "ನಿಮ್ಮ ಒಪ್ಪಿಗೆ ಬೇಕಾಗುತ್ತಮ್ಮ. ನಿಮಗೆ ಈಗಾಗಲೇ ಒಬ್ಬರಿದಾರೆ," ಎಂದರು.

"ಇರ್ಲಿ ಬಿಡಿ ಸಾರ್. ಗುಂಡಿ ಹೊಲಿಯೋಕೆ ಒಂದು ಕೈ ಬೇಕಿತ್ತು," ಎಂದಳು ಹಾಲಮ್ಮ. ಬಸಲಿಂಗವ್ವ ಹೊಸಬಳನ್ನು ಅಡಿಯಿಂದ ಮುಡಿಯವರೆಗೂ ಅಳೆದು, "ಮೂಲೆ ಕಡೆ ಚಾಪೆ ನಂದು, ಮೊದಲೇ ಹೇಳ್ತೀನಿ," ಎಂದಳು.

ಮುಖ್ಯಾಧಿಕಾರಿಗಳು ಪಟ್ಟಿಯ ತಳಕ್ಕೆ ಇಳಿದರು. ಹಾಲಮ್ಮನ ಅಡ್ಡಸಾಲಿನಲ್ಲಿ ಬಸಲಿಂಗವ್ವ ಎಂದಿದ್ದರ ಪಕ್ಕ ಒಂದು ಅಲ್ಪವಿರಾಮ ಹಾಕಿದರು. ಆಮೇಲೆ ತಮ್ಮ ತಾಯಿಯ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಬಡಿದರು. ‘ಚ’ ಎಲ್ಲಿದೆಯೆಂದು ಅವರಿಗೆ ಬಹಳ ಹೊತ್ತು ಸಿಗಲಿಲ್ಲ.

ಆ ಮೂವತ್ತೇಳು ಜನರ ವಿಷಯವಾಗಿ ಪುರಸಭೆ ಮುಂದಿನ ವಾರ ಒಂದು ನಿರ್ಣಯ ಮಾಡಿತು: ಆಶ್ರಿತರನ್ನು ಅವರ ಮನೆಯ ಬಗ್ಗೆ ಕೇಳುವುದು ಮನೆತನಗಳ ಗೌರವಕ್ಕೆ ಧಕ್ಕೆ ತರುವುದರಿಂದ ಇನ್ನು ಮುಂದೆ ಕೇಳತಕ್ಕದ್ದಲ್ಲ. ಅಧರ್ಮಪ್ಪನವರು ಮಂಡಿಸಿದರು, ಅಸತ್ಯಣ್ಣ ಅನುಮೋದಿಸಿದರು. ನೀರನ್ನು ಸರದಿಯ ಮೇಲೆ, ವಾರಕ್ಕೊಂದು ಅಕ್ಷರದಿಂದ ಶುರುಮಾಡಿ ಬಿಡಬೇಕೆಂದೂ ಅದೇ ಸಭೆಯಲ್ಲಿ ಆಯಿತು, ಏಕೆಂದರೆ ಅಷ್ಟು ಹೊತ್ತಿಗೆ ನನ್ನನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಭಯ ಬಂದಿತ್ತು.

ಅವಿವೇಕಮೂರ್ತಿಯವರು ಮುಂದಿನ ಭಾನುವಾರ ತಾಯಿಯ ಸಾಮಾನನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹಾಲಮ್ಮನ ಮನೆಗೆ ಬಂದರು. ನಾನು ಆಗ ಅಲ್ಲೇ ಬೀದಿಯ ವಾಲ್ವಿಗೆ ವಾಷರು ಬದಲಿಸುತ್ತಿದ್ದೆ. ಪೆಟ್ಟಿಗೆಯಲ್ಲಿ ಸೀರೆ, ಹೊದಿಕೆ, ಮಾತ್ರೆ ಎಲ್ಲ ಒಪ್ಪವಾಗಿ ಜೋಡಿಸಿದ್ದರು. ಸುಲೋಚನಮ್ಮ ಮುಚ್ಚಳ ಎತ್ತಿ, ಒಳಗೆ ಕೈಯಾಡಿಸಿ, "ಕನ್ನಡಕ ಎಲ್ಲೋ?" ಎಂದಳು. "ಇಟ್ಟಿದ್ದೆ ಅನ್ಸುತ್ತೆ. ನಾಳೆ ನೋಡಿ ತರ್ತೀನಿ," ಎಂದು ಅವರು ಹೋದರು. ಮಾರನೆಯ ದಿನ ಬಂದು, ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ ಎಂದರು. ಆಕೆ, "ಇರ್ಲಿ ಬಿಡು, ಆ ನೀಲಿ ಶಾಲನ್ನಾದ್ರೂ ತಂದ್ಯಾ?" ಎಂದಳು. ಅದರ ಮಾರನೆಯ ದಿನ ಶಾಲು ತಂದರು. ಆಗ ಎಣ್ಣೆಯ ಬಟ್ಟಲು ಬೇಕೆಂದಳು. ಹೀಗೆ ಅವರು ಕಚೇರಿ ಮುಗಿದ ಮೇಲೆ ದಿನವೂ ಬರತೊಡಗಿದರು. ಬಂದಮೇಲೆ ಹೊಲಿಗೆ ಮಿಷನ್ನಿನ ಪಕ್ಕದ ಮಣೆಯ ಮೇಲೆ ಅರ್ಧ ಗಂಟೆ ಕೂತು, ಟೀ ಕುಡಿದು, ಎರಡು ಮುದುಕಿಯರ ಜಗಳ ಕೇಳಿ ಹೋಗುತ್ತಿದ್ದರು.

ಎರಡು ವಾರವಾದ ಮೇಲೆ ನಾನು ಹಾಲಮ್ಮನಿಗೆ, "ಪಾಪ, ಆ ಕನ್ನಡಕ ಎಲ್ಲಿ ಹೋಯ್ತೋ. ಹೊಸದೇ ಮಾಡಿಸ್ಕೊಟ್ರೆ ಆಗಲ್ವಾ?" ಎಂದೆ.

ಹಾಲಮ್ಮ ಒಳಗೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಕನ್ನಡಕ ಮೊದಲ ದಿನಾನೇ ಪೆಟ್ಟಿಗೇಲಿತ್ತು ತಿಪ್ಪೇಶಣ್ಣ. ಹೊದಿಕೆ ಮಡಿಕೆಯೊಳಗೆ. ಆಯಮ್ಮ ತೆಗೆದು ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದನ್ನ ನಾನೇ ನೋಡ್ದೆ."